ಸೊಂಟದುದ್ದ ಕೂದಲು, ಬೆಳಗಿನ ರೈಲು: ಯಾವ ಹೇರ್ ಡ್ರೈಯರ್ ತಗೊಳ್ಳಲಿ?

ಕ್ಯಾತ್ಸಂದ್ರದವಳು (ತುಮಕೂರು)

ಎಲ್ಲರಿಗೂ ನಮಸ್ಕಾರ. ಸಮಸ್ಯೆ ಸಣ್ಣದು, ಆದರೆ ವಾರಕ್ಕೆ ಮೂರು ದಿನ ಕಾಡುತ್ತದೆ. ನಾನು ತುಮಕೂರಿನಿಂದ ಬೆಂಗಳೂರಿಗೆ ದಿನಾ ರೈಲಲ್ಲಿ ಓಡಾಡುತ್ತೇನೆ. ಐದು ಗಂಟೆಗೆ ಎದ್ದು ತಲೆಗೆ ಸ್ನಾನ ಮಾಡಿದರೂ ಮನೆ ಬಿಡುವ ಹೊತ್ತಿಗೆ ಕೂದಲು ಇನ್ನೂ ತೊಟ್ಟಿಕ್ಕುತ್ತಿರುತ್ತದೆ. ಒದ್ದೆ ಕೂದಲಿಗೇ ಜಡೆ ಹಾಕಿ ಓಡುತ್ತೇನೆ. ಸಂಜೆ ಬಂದು ಜಡೆ ಬಿಚ್ಚಿದರೆ ಒಳಗೆ ಇನ್ನೂ ತೇವ, ಜೊತೆಗೆ ಒಂಥರಾ ಮುಗ್ಗಲು ವಾಸನೆ. ನೆತ್ತಿಯಲ್ಲಿ ತುರಿಕೆ ಬೇರೆ ಶುರುವಾಗಿದೆ.

ಕೂದಲು ಸೊಂಟದವರೆಗೆ ಇದೆ. ದಟ್ಟ, ನೇರ. ಜಡೆ ಹಿಡಿದರೆ ಮುಷ್ಟಿ ತುಂಬುತ್ತದೆ. ಗೆಳತಿಯ ಹತ್ತಿರ ಮಡಚುವಂಥ 1000 ವಾಟ್‌ನ ಪುಟ್ಟ ಡ್ರೈಯರ್ ಇತ್ತು, ಒಂದು ದಿನ ಇಸ್ಕೊಂಡು ನೋಡಿದೆ. ನಲವತ್ತು ನಿಮಿಷ ಆಯಿತು, ಕೈ ಸೋತು ಹೋಯಿತು, ತುದಿ ಎಲ್ಲ ಪೊರಕೆ ಕಡ್ಡಿ ಆಯಿತು. ಅಮ್ಮ ಅಂತೂ "ಆ ಮಿಷನ್ ಮನೆಗೆ ತಂದ್ರೆ ಇರೋ ಕೂದಲೂ ಹೋಗುತ್ತೆ ನೋಡು" ಅಂತ ಕೂತಿದ್ದಾರೆ.

ಆನ್‌ಲೈನಲ್ಲಿ ನೋಡಿದರೆ 1200, 1600, 2000 ವಾಟ್, ಅಯಾನಿಕ್, ಸೆರಾಮಿಕ್, ಟೂರ್ಮಲಿನ್ ಅಂತ ತಲೆ ಕೆಟ್ಟು ಹೋಗುತ್ತದೆ. ಎರಡು ಸಾವಿರದ ಒಳಗೆ ನನ್ನಂಥ ಕೂದಲಿಗೆ ಯಾವುದು ಸರಿ? ಬಳಸಿದವರು ಹೇಳಿ ದಯವಿಟ್ಟು.

ಅಂತರಗಂಗೆ (ಕೋಲಾರ)

ರಾತ್ರಿ ತಲೆಗೆ ಸ್ನಾನ ಮಾಡಿ. ಮುಗೀತು.

ಕ್ಯಾತ್ಸಂದ್ರದವಳು

ಅಣ್ಣ, ರಾತ್ರಿ ಮನೆ ಸೇರೋದೇ ಎಂಟೂವರೆಗೆ. ಆಮೇಲೆ ಸ್ನಾನ ಮಾಡಿದರೆ ಒದ್ದೆ ತಲೆಯಲ್ಲೇ ಮಲಗಬೇಕು. ಅದನ್ನೂ ಮಾಡಿ ನೋಡಿದೆ, ದಿಂಬು ಕೂಡ ಮುಗ್ಗಲು.

ಪಾರ್ಲರ್ ಅಕ್ಕ (ಚಿಕ್ಕಬಳ್ಳಾಪುರ)

ಬಿ.ಬಿ. ರಸ್ತೆಯಲ್ಲಿ ಹದಿನಾಲ್ಕು ವರ್ಷದಿಂದ ಪಾರ್ಲರ್ ಇಟ್ಟಿದ್ದೇನೆ. ಸ್ವಲ್ಪ ಉದ್ದಕ್ಕೇ ಬರೆಯುತ್ತೇನೆ, ಬೇಜಾರಾಗಬೇಡಿ.

ಅಂಗಡಿಗೆ ಹೋದವರೆಲ್ಲ ಮೊದಲು ಕೇಳುವುದು "ಎಷ್ಟು ವಾಟ್?" ಅಂತ. ವಾಟ್ ಅಂದರೆ ಅದು ಎಷ್ಟು ಕರೆಂಟ್ ತಿನ್ನುತ್ತದೆ ಅನ್ನೋ ಲೆಕ್ಕ. ಗಾಳಿ ಎಷ್ಟು ಬರುತ್ತದೆ ಅನ್ನೋದು ಬೇರೆ ಲೆಕ್ಕ. ಕೂದಲು ಒಣಗಿಸುವುದು ಗಾಳಿ. ಬಿಸಿ ಅದರ ಜೊತೆಗಾರ ಅಷ್ಟೆ. ಆಷಾಢದ ಗಾಳಿಗೆ ಬಿಸಿಲಿಲ್ಲದಿದ್ದರೂ ಹಗ್ಗದ ಮೇಲಿನ ಸೀರೆ ಪಟಪಟ ಅಂತ ಒಣಗಿಬಿಡುತ್ತದೆ. ಮುಚ್ಚಿದ ಕೋಣೆಯಲ್ಲಿ ಎಷ್ಟೇ ಸೆಕೆ ಇದ್ದರೂ ಒಣಗಲ್ಲ. ಕೂದಲೂ ಹಾಗೇ. ನಿಮ್ಮ ಗೆಳತಿಯ ಡ್ರೈಯರ್ ಬಿಸಿ ಕೊಟ್ಟಿದೆ, ಗಾಳಿ ಕೊಟ್ಟಿಲ್ಲ. ಅದಕ್ಕೇ ನಲವತ್ತು ನಿಮಿಷ.

ಗಾಳಿ ನೋಡುವುದು ಹೇಗೆ? ಡಬ್ಬದ ಮೇಲೆ ಬರೆದಿರುವುದಿಲ್ಲ. ಅಂಗಡಿಯಲ್ಲಿ ಆನ್ ಮಾಡಿಸಿ. ಹಿಂದುಗಡೆ ಗಾಳಿ ಒಳಗೆ ಹೋಗುವ ಜಾಲರಿ ಇರುತ್ತದಲ್ಲ, ಅದಕ್ಕೆ ಒಂದು ಬಿಲ್ ಚೀಟಿ ಹಿಡಿಯಿರಿ. ಚೀಟಿ ಗಪ್ಪಂತ ಅಂಟಿಕೊಂಡರೆ ಫ್ಯಾನಿಗೆ ದಮ್ಮಿದೆ. ಜಾರಿ ಜಾರಿ ಬೀಳುತ್ತಿದ್ದರೆ ಎಷ್ಟೇ ವಾಟ್ ಬರೆದಿದ್ದರೂ ಬಿಟ್ಟು ಬನ್ನಿ. ತಕ್ಷಣ ಚೀಟಿ ತೆಗೆಯಿರಿ, ಗಾಳಿ ಕಟ್ಟಿದರೆ ಒಳಗೆ ಕಾಯುತ್ತದೆ.

ಈಗ ನಿಮ್ಮ ಕೂದಲು. ದಟ್ಟ ಬೇರೆ, ದಪ್ಪ ಬೇರೆ. ಉದುರಿದ ಒಂದು ಕೂದಲನ್ನು ಹೆಬ್ಬೆರಳು ತೋರುಬೆರಳ ಮಧ್ಯೆ ಹೊರಳಿಸಿ. ಹೊಲಿಗೆ ದಾರದ ಹಾಗೆ ಸಿಕ್ಕಿದರೆ ಎಳೆ ದಪ್ಪ. ಏನೂ ಗೊತ್ತೇ ಆಗದಿದ್ದರೆ ಎಳೆ ಸಣ್ಣ. ಸಣ್ಣ ಎಳೆಯವರಿಗೆ 1200 ಸಾಕು, ಬಿಸಿ ಮಧ್ಯದಲ್ಲೇ ಇರಲಿ, ಯಾಕೆಂದರೆ ಅದು ಬೇಗ ಒಣಗುತ್ತದೆ, ಬೇಗ ಸೀಯುತ್ತದೆ ಕೂಡ. ಎಳೆ ದಪ್ಪ, ತಲೆ ತುಂಬಾ ದಟ್ಟ, ಸೊಂಟದುದ್ದ ಅಂದರೆ 1600 ಬೇಕಾಗುತ್ತದೆ. 2000 ನಮ್ಮಂಥ ಪಾರ್ಲರಿಗೆ. ಅದರ ಮೋಟಾರ್ ಭಾರ, ದಿನಾ ಐದು ಗಂಟೆಗೆ ಎತ್ತಿ ಹಿಡಿದರೆ ಭುಜ ಬಿದ್ದು ಹೋಗುತ್ತದೆ.

ಅಂತರ್ಜಾಲದಲ್ಲಿ ಲೋಟದ ನೀರಿಗೆ ಕೂದಲು ಹಾಕಿ ತೇಲುತ್ತಾ ಮುಳುಗುತ್ತಾ ನೋಡಿ ಅಂತಾರೆ. ಸುಮ್ನೆ. ಕೂದಲಿನ ಮೇಲೆ ಎಣ್ಣೆ ಪಸೆ ಇದ್ದರೆ ತೇಲುತ್ತದೆ ಅಷ್ಟೆ. ಅದನ್ನು ನಂಬಿ ದುಡ್ಡು ಹಾಕಬೇಡಿ.

ಎರಡು ಬಟನ್ ಇರಲೇಬೇಕು. ಬಿಸಿಗೆ ಬೇರೆ, ಗಾಳಿಗೆ ಬೇರೆ. ಎರಡೂ ಒಂದೇ ಸ್ವಿಚ್‌ನಲ್ಲಿದ್ದರೆ ಜಾಸ್ತಿ ಗಾಳಿ ಬೇಕೆಂದಾಗ ಜಾಸ್ತಿ ಬಿಸಿಯೂ ಬಂದೇ ಬರುತ್ತದೆ. ತಣ್ಣನೆ ಗಾಳಿಯ ಬಟನ್ ಕೂಡ ನೋಡಿಕೊಳ್ಳಿ.

ಮಧುಗಿರಿ ಅಜ್ಜಿ (ಮಧುಗಿರಿ)

ಮೊಮ್ಮಗಳು ಬರೆದುಕೊಡುತ್ತಿದ್ದಾಳೆ. ಮಗಾ, ನಿಮ್ಮಮ್ಮ ಹೇಳೋದರಲ್ಲಿ ಅರ್ಧ ಸರಿ, ಅರ್ಧ ಹೆದರಿಕೆ. ನಾವೇನು ಕೂದಲಿಗೆ ಬಿಸಿ ತೋರಿಸಲಿಲ್ವಾ? ಬಾಣಂತಿಗೆ ಎಣ್ಣೆ ನೀರು ಹಾಕಿದ ಮೇಲೆ ಮಂಚದ ತುದಿಗೆ ತಲೆ ಬರುವ ಹಾಗೆ ಮಲಗಿಸುತ್ತಿದ್ದೆವು. ಕೆಳಗೆ ಅಗ್ಗಿಷ್ಟಿಕೆಯಲ್ಲಿ ಕೆಂಡ, ಅದರ ಮೇಲೆ ಸಾಂಬ್ರಾಣಿ, ಮೇಲೆ ಬಿದಿರಿನ ಕುಕ್ಕೆ ಬೋರಲು. ಕುಕ್ಕೆ ಮೇಲೆ ಕೂದಲು ಹರಡೋದು. ಹೊಗೆ ಸಂದಿ ಸಂದಿಯಲ್ಲಿ ನುಗ್ಗಿ ಬುಡ ಎಲ್ಲ ಒಣಗುತ್ತಿತ್ತು.

ಆದರೆ ಕೂದಲು ಹರಡೋ ಮುಂಚೆ ನಮ್ಮತ್ತೆ ಕುಕ್ಕೆ ಮೇಲೆ ಅಂಗೈ ಇಟ್ಟು ಹತ್ತು ಎಣಿಸುತ್ತಿದ್ದರು. ಚುರ್ ಅಂದರೆ ಕೆಂಡದ ಮೇಲೆ ಬೂದಿ ಎಳೆದು ಮುಚ್ಚೋದು, ಮತ್ತೆ ಕೈ ಇಡೋದು. ಆ ಮಿಷನ್ನಿಗೂ ಹಾಗೇ ಕೈ ಇಟ್ಟು ನೋಡು.

ಪಾರ್ಲರ್ ಅಕ್ಕ

ಅಜ್ಜಿ, ಇದನ್ನೇ ನಮಗೆ ಕೋರ್ಸಿನಲ್ಲಿ ಹೇಳಿಕೊಟ್ಟರು! ಎಡಗೈಯನ್ನು ಕೂದಲಿನ ಹಿಂದೆ ಇಡಿ, ಕೈಗೆ ತಡೆಯದ ಬಿಸಿ ಕೂದಲಿಗೂ ಬೇಡ ಅಂತ. ಅದಕ್ಕೆ ದುಡ್ಡು ಕಟ್ಟಿದ್ದೆ ನಾನು.

ಚಿಂತಾಮಣಿ ಮೇಷ್ಟ್ರು (ಚಿಂತಾಮಣಿ)

ಹೈಸ್ಕೂಲಿನಲ್ಲಿ ವಿಜ್ಞಾನ ಹೇಳುತ್ತೇನೆ. ತಾಯಿಯವರ ಭಯಕ್ಕೆ ಒಂದು ಉತ್ತರ ಇದೆ. 2011ರಲ್ಲಿ ಕೊರಿಯಾದ ಚರ್ಮವೈದ್ಯರು ಇದನ್ನೇ ಪರೀಕ್ಷೆ ಮಾಡಿದರು. ಕೂದಲಿನ ಗೊಂಚಲುಗಳನ್ನು ಮೂವತ್ತು ಸಲ ತೊಳೆದು ತೊಳೆದು ಒಣಗಿಸಿದರು. ಕೆಲವು ತಾವಾಗಿ ಒಣಗಿದವು. ಕೆಲವಕ್ಕೆ 15 ಸೆಂಟಿಮೀಟರ್ ದೂರದಿಂದ ಡ್ರೈಯರ್, ಅಲ್ಲಿ ಬಿಸಿ ಸುಮಾರು 47 ಡಿಗ್ರಿ. ಕೆಲವಕ್ಕೆ 10 ಸೆಂಟಿಮೀಟರ್, 61 ಡಿಗ್ರಿ. ಇನ್ನು ಕೆಲವಕ್ಕೆ 5 ಸೆಂಟಿಮೀಟರ್, 95 ಡಿಗ್ರಿ. ಹತ್ತಿರ ಹಿಡಿದಷ್ಟೂ ಕೂದಲಿನ ಮೇಲ್ಪದರ ಕೆಟ್ಟಿತು, ಅದರಲ್ಲಿ ಆಶ್ಚರ್ಯ ಇಲ್ಲ. ಆಶ್ಚರ್ಯ ಇದ್ದದ್ದು ಇನ್ನೊಂದರಲ್ಲಿ. ಪದರಗಳನ್ನು ಒಳಗೆ ಅಂಟಿಸಿ ಹಿಡಿಯುವ ಭಾಗ ಹಾಳಾಗಿದ್ದು ಡ್ರೈಯರ್ ಇಲ್ಲದೆ ತಾನಾಗಿ ಒಣಗಿದ ಗೊಂಚಲಿನಲ್ಲಿ ಮಾತ್ರ. ತುಂಬಾ ಹೊತ್ತು ನೀರು ಕುಡಿದು ಉಬ್ಬಿಕೊಂಡೇ ಇದ್ದುದರಿಂದ ಹಾಗಾಗಿರಬಹುದು ಅಂದರು. 15 ಸೆಂಟಿಮೀಟರ್ ದೂರದಲ್ಲಿ ಹಿಡಿದು ಒಂದೇ ಕಡೆ ನಿಲ್ಲಿಸದೆ ಆಡಿಸುತ್ತಿದ್ದರೆ ತಾನಾಗಿ ಒಣಗಿಸುವುದಕ್ಕಿಂತ ಕಡಿಮೆ ಹಾನಿ ಅನ್ನೋದು ಅವರ ತೀರ್ಮಾನ. 15 ಸೆಂಟಿಮೀಟರ್ ಅಂದರೆ ಆರು ಇಂಚು, ನಮ್ಮ ಶಾಲೆಯ ಸಣ್ಣ ಸ್ಕೇಲು.

ಕೂದಲು ತನ್ನ ತೂಕದ ಸುಮಾರು 30 ಪರ್ಸೆಂಟ್ ನೀರು ಹೀರಿಕೊಳ್ಳುತ್ತದೆ. ಒದ್ದೆಯಾದಾಗ ಒಳಗಿನ ಹೈಡ್ರೋಜನ್ ಬಂಧಗಳು ಬಿಡುತ್ತವೆ, ಒಣಗಿದಾಗ ಮತ್ತೆ ಕೂಡುತ್ತವೆ. ಅದಕ್ಕೇ ಒದ್ದೆ ಕೂದಲು ಎಳೆದರೆ ಹಿಗ್ಗುತ್ತದೆ, ಬಾಚಿದರೆ ತುಂಡಾಗುತ್ತದೆ. ಒದ್ದೆ ಜಡೆ ಹಾಕಿ ಬಿಗಿಯಾಗಿ ಎಳೆಯುವುದು ಇದ್ದುದರಲ್ಲಿ ಕೆಟ್ಟದ್ದು. ಹಾಗಂತ ಪೂರ್ತಿ ಒದ್ದೆ ಇರುವಾಗ ಭಾರೀ ಬಿಸಿ ಹಿಡಿದರೆ ಒಳಗಿನ ನೀರೇ ಕುದಿದು ಆವಿಯಾಗಿ ಎಳೆಯೊಳಗೆ ಗುಳ್ಳೆ ಏಳುತ್ತದೆ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಬೋಂಡದೊಳಗಿನ ತೂತುಗಳ ಹಾಗೆ ಕಾಣುತ್ತದೆ. ಅಲ್ಲಿಗೇ ಕೂದಲು ಮುರಿಯುತ್ತದೆ.

ಒಂದು ವಿಷಯ, ಸುಮ್ನೆ ಕುತೂಹಲಕ್ಕೆ. 1920ರ ಆಸುಪಾಸು ಕೈಯಲ್ಲಿ ಹಿಡಿಯುವ ಡ್ರೈಯರ್ ಬಂದಾಗ ಅದರ ಶಕ್ತಿ ಬರೀ 100 ವಾಟ್ ಇತ್ತು. ಪಾಪ, ಆ ಕಾಲದ ಹೆಂಗಸರು.

ಅಂತರಗಂಗೆ

ಹಾಗಾದ್ರೆ ಒದ್ದೆ ತಲೆಯಲ್ಲಿ ಓಡಾಡಿದರೆ ನೆಗಡಿ ಬರುತ್ತೆ ಅನ್ನೋದು?

ಚಿಂತಾಮಣಿ ಮೇಷ್ಟ್ರು

ನೆಗಡಿ ಬರುವುದು ವೈರಸ್‌ನಿಂದ, ಒದ್ದೆ ತಲೆಯಿಂದಲ್ಲ. ಆದರೆ ತಲೆಹೊಟ್ಟು ಮಾಡುವ ಶಿಲೀಂಧ್ರ ನೆತ್ತಿ ಮೇಲೆ ಮೊದಲೇ ಇರುತ್ತದೆ, ಅದಕ್ಕೆ ಬೆಚ್ಚಗೆ ತೇವ ಇದ್ದರೆ ಹಬ್ಬ. ಆ ತುರಿಕೆ ಒಣಗಿಸಿದ ಮೇಲೂ ಹೋಗದಿದ್ದರೆ ಚರ್ಮದ ಡಾಕ್ಟರಿಗೆ ತೋರಿಸಿಯಮ್ಮ.

ಶಿರಾ ವೈರ್‌ಮ್ಯಾನ್ (ಶಿರಾ)

ಎಲ್ಲರೂ ಕೂದಲು ನೋಡುತ್ತಿದ್ದೀರಿ. ಗೋಡೆ ಯಾರೂ ನೋಡಲಿಲ್ಲ.

ಮನೆಯಲ್ಲಿ ಎರಡು ತರದ ಸಾಕೆಟ್ ಇರುತ್ತವೆ. ಸಣ್ಣದು 6 ಆಂಪ್, ಮೊಬೈಲ್ ಚಾರ್ಜರ್ ಹಾಕುವುದು. ದೊಡ್ಡದು 16 ಆಂಪ್, ಗೀಸರಿನದು. 230 ವೋಲ್ಟ್‌ನಲ್ಲಿ 1200 ವಾಟ್ ಡ್ರೈಯರ್ 5.2 ಆಂಪ್ ಎಳೆಯುತ್ತದೆ. ಸಣ್ಣದರಲ್ಲಿ ನಡೆಯುತ್ತದೆ. 1600 ಅಂದರೆ ಸುಮಾರು 7 ಆಂಪ್. 2000 ಅಂದರೆ 8.7. ಇವೆರಡೂ ಸಣ್ಣ ಸಾಕೆಟ್‌ಗೆ ಹೊರೆ.

ಹೇಗೆ ಗೊತ್ತು ಅಂದರೆ, ನನ್ನ ಮನೆಯಲ್ಲೇ ಆಗಿದೆ. ತಂಗಿ ಮದುವೆ ಬೆಳಿಗ್ಗೆ. ಮೇಕಪ್‌ಗೆ ಬಂದ ಹುಡುಗಿ ದೊಡ್ಡ ಡ್ರೈಯರನ್ನು ಒಂದು ಸಾದಾ ಎಕ್ಸ್‌ಟೆನ್ಷನ್ ಬಾಕ್ಸಿಗೆ ಚುಚ್ಚಿದಳು. ಅದೇ ಬಾಕ್ಸಲ್ಲಿ ಇಸ್ತ್ರಿ ಪೆಟ್ಟಿಗೆ. ನಾನು ಹೊರಗೆ ಸೀರಿಯಲ್ ಲೈಟ್ ಕಟ್ಟುತ್ತಿದ್ದೆ. ಮೀನು ಕೊಳೆತ ಹಾಗೆ ವಾಸನೆ ಬಂತು. ಪ್ಲಾಸ್ಟಿಕ್ ಕಾದು ಕರಗುವ ಮುಂಚೆ ಬರುವ ವಾಸನೆ ಅದು, ನಮ್ಮ ಕಸುಬಿನವರಿಗೆ ಚೆನ್ನಾಗಿ ಗೊತ್ತು. ಒಳಗೆ ಓಡಿ ಬಂದೆ. ಬಾಕ್ಸಿನ ತೂತು ಕಂದು ಬಣ್ಣಕ್ಕೆ ತಿರುಗಿ ಬಾಯಿ ಬಿಟ್ಟಿತ್ತು. ಪಿನ್ನು ಮುಟ್ಟಿದರೆ ಬೆರಳು ಸುಟ್ಟಿತು. ಇನ್ನೈದು ನಿಮಿಷ ಬಿಟ್ಟಿದ್ದರೆ ಪಕ್ಕದಲ್ಲೇ ರೇಷ್ಮೆ ಸೀರೆ ರಾಶಿ. ಲೈನ್‌ಮ್ಯಾನ್ ಮನೆಯಲ್ಲೇ ಹೀಗೆ ಅಂತ ಇವತ್ತಿಗೂ ಆಡಿಕೊಳ್ಳುತ್ತಾರೆ.

ಎರಡನೇದು, ವೋಲ್ಟೇಜು. ನಮ್ಮ ಕಡೆ ಹಳ್ಳಿಗಳಲ್ಲಿ ಮೋಟಾರ್ ಓಡುವ ಹೊತ್ತಿಗೆ 180ಕ್ಕೆ ಇಳಿದುಬಿಡುತ್ತದೆ. ಬಿಸಿಯ ಲೆಕ್ಕ ವೋಲ್ಟೇಜಿನ ವರ್ಗ, ಅಂದರೆ ವೋಲ್ಟೇಜನ್ನು ವೋಲ್ಟೇಜಿನಿಂದಲೇ ಗುಣಿಸಿದ್ದು. 180 ಅಂದರೆ ಶೇಕಡಾ 61 ಮಾತ್ರ ಸಿಗುತ್ತದೆ. ನಿಮ್ಮ 1200 ವಾಟ್ ಡ್ರೈಯರ್ 735 ವಾಟ್ ಆಯಿತು. ಫ್ಯಾನೂ ನಿಧಾನ. ಆಗ ಕಂಪನಿಯನ್ನು ಬೈದು ಪ್ರಯೋಜನ ಇಲ್ಲ.

ಮೂರನೇದು, ಯುಪಿಎಸ್. ಮನೆಗೆ ಹಾಕಿಸುವ 850 ವಿಎ ಇನ್ವರ್ಟರ್ ಮೇಲೆ ಡ್ರೈಯರ್ ಹಾಕಬೇಡಿ. ಓವರ್‌ಲೋಡ್ ಅಂತ ಕಿರುಚಿ ನಿಲ್ಲುತ್ತದೆ.

ಸೊಂಟದುದ್ದ ಅಂತ 1600 ತಗೊಳ್ಳೋದಾದರೆ ಕನ್ನಡಿ ಹತ್ತಿರ ಒಂದು 16 ಆಂಪ್ ಪಾಯಿಂಟ್ ಎಳೆಸಿ. ವೈರ್ 2.5 ಸ್ಕ್ವೇರ್ ಎಂಎಂ ಇರಲಿ. ಬಚ್ಚಲು ಮನೆಯ ಗೀಸರ್ ಪಾಯಿಂಟಿಗೆ ಹಾಕಿ ಒದ್ದೆ ಕಾಲಲ್ಲಿ ನಿಂತು ಮಾತ್ರ ಬಳಸಬೇಡಿ. ಡ್ರೈಯರ್ ಮೇಲೆ ಚೌಕದೊಳಗೆ ಚೌಕ ಇರುವ ಗುರುತು ನೋಡಿರಬಹುದು, ಅದು ಡಬಲ್ ಇನ್ಸುಲೇಷನ್. ಅದಕ್ಕೇ ಎರಡೇ ಪಿನ್, ಅರ್ತ್ ಇರಲ್ಲ. ಒಣ ಜಾಗದಲ್ಲಿ ಅದು ಸಾಕು. ಬಕೆಟ್ಟಿಗೆ ಬಿದ್ದರೆ ಆ ಗುರುತು ಕಾಪಾಡಲ್ಲ. ಸ್ವಿಚ್ ಆಫ್ ಇದ್ದರೂ ಪ್ಲಗ್ ಚುಚ್ಚಿದ್ದರೆ ಒಳಗೆ ಕರೆಂಟ್ ಇರಬಹುದು.

ಕ್ಯಾತ್ಸಂದ್ರದವಳು

ಅಯ್ಯೋ ಅಣ್ಣ, ನಾನು ಬಚ್ಚಲಲ್ಲೇ ಒಣಗಿಸಿಕೊಳ್ಳೋಣ ಅಂತಿದ್ದೆ. ಅಪ್ಪನಿಗೆ ಸದ್ದು ಕೇಳಬಾರದು ಅಂತ.

ಶಿರಾ ವೈರ್‌ಮ್ಯಾನ್

ಅಪ್ಪ ಎದ್ದರೆ ಎದ್ದುಕೊಳ್ಳಲಿ ಬಿಡಿ ತಂಗಿ.

ಕುಣಿಗಲ್ ಕೆರೆ (ಕುಣಿಗಲ್)

ನಮ್ಮ ಮನೆಯಲ್ಲಿ ಗೃಹಜ್ಯೋತಿ. ಇದೊಂದು ತಂದರೆ ಯೂನಿಟ್ ಮಿತಿ ದಾಟುತ್ತಾ? ಹೆಂಡತಿ ಕೇಳುತ್ತಿದ್ದಾಳೆ, ನಾನಲ್ಲ. ನನಗೆ ಒಣಗಿಸೋಕೆ ಕೂದಲೇ ಇಲ್ಲ.

ಶಿರಾ ವೈರ್‌ಮ್ಯಾನ್

1600 ವಾಟ್ ಹತ್ತು ನಿಮಿಷ ಓಡಿದರೆ ಕಾಲು ಯೂನಿಟ್‌ಗಿಂತ ಚೂರು ಜಾಸ್ತಿ. ವಾರಕ್ಕೆ ಮೂರು ಸಲ ಅಂದರೆ ತಿಂಗಳಿಗೆ ಮೂರೂವರೆ ಯೂನಿಟ್. 2023ರಲ್ಲಿ ಯೋಜನೆ ಶುರುವಾದಾಗ ನಿಮ್ಮ ಮಿತಿ 2022-23ರ ಸರಾಸರಿ ಬಳಕೆಯ ಮೇಲೆ ಹತ್ತು ಪರ್ಸೆಂಟ್ ಸೇರಿಸಿ ಇಟ್ಟದ್ದಲ್ವಾ, ಅಂಚಿನಲ್ಲಿದ್ದರೆ ಆ ಮೂರೂವರೆಗೆ ದುಡ್ಡು ಕಟ್ಟಬೇಕಾಗಬಹುದು. ತಿಂಗಳ ಒಟ್ಟು ಬಳಕೆ 200 ಯೂನಿಟ್ ದಾಟದಿದ್ದರೆ ಸಾಕು. ಗೀಸರ್ ದಿನಾ ನಾಲ್ಕು ನಿಮಿಷ ಮುಂಚೆ ಆಫ್ ಮಾಡಿ, ಲೆಕ್ಕ ಸರಿಹೋಗುತ್ತದೆ.

ಗುಂಗುರು (ಕೋಲಾರ)

ಇಲ್ಲಿ ಎಲ್ಲ ಸಲಹೆ ನೇರ ಕೂದಲಿಗೇ ಆಯಿತು. ಗುಂಗುರು ಕೂದಲಿನವರು ಯಾರಾದರೂ ಓದುತ್ತಿದ್ದರೆ ನನ್ನ ಮಾತು ಕೇಳಿ. ನಾಲ್ಕು ವರ್ಷ ನಾನು ಡ್ರೈಯರ್ ಹಿಡಿದಾಗೆಲ್ಲ ತಲೆ ಹತ್ತಿ ಗಿಡ ಆಗುತ್ತಿತ್ತು. ತಪ್ಪು ಡ್ರೈಯರಿನದಲ್ಲ, ಮೂತಿಯದು. ಚಪ್ಪಟೆ ಮೂತಿ ಗಾಳಿಯನ್ನು ಒಂದೇ ಕಡೆ ರಭಸವಾಗಿ ಬಿಡುತ್ತದೆ, ಸುರುಳಿ ಎಲ್ಲ ಚೆಲ್ಲಾಪಿಲ್ಲಿ. ನಮಗೆ ಬೇಕಾದ್ದು ಡಿಫ್ಯೂಸರ್, ಅಗಲ ಬಟ್ಟಲಿನ ಹಾಗೆ, ಒಳಗೆ ಬೆರಳು ಬೆರಳು ಇರುತ್ತದೆ. ತಲೆ ಬಗ್ಗಿಸಿ, ಸುರುಳಿಗಳನ್ನು ಆ ಬಟ್ಟಲಿಗೆ ತುಂಬಿ, ಬುಡದವರೆಗೆ ಎತ್ತಿ ಹಿಡಿಯಬೇಕು. ಗಾಳಿ ಕಮ್ಮಿ, ಬಿಸಿ ಮಧ್ಯಮ. ಒಣಗುವವರೆಗೆ ಕೈ ಹಾಕಬಾರದು, ಇದೇ ಕಷ್ಟ.

ಡಿಫ್ಯೂಸರ್ ಜೊತೆಗೇ ಬರುವ ಡ್ರೈಯರ್ ನೋಡಿ ತಗೊಳ್ಳಿ. ಬೇರೆ ತಂದರೆ ಮೂತಿಯ ಅಳತೆ ಕೂರಲ್ಲ, ನನ್ನ ಹತ್ತಿರ ಎರಡು ಸುಮ್ನೆ ಬಿದ್ದಿವೆ.

ಇನ್ನೊಂದು, ಕೋಲಾರದವರಿಗೆ. ನಮ್ಮ ಬೋರ್ ನೀರಿನ ಗಡಸು ಎಲ್ಲರಿಗೂ ಗೊತ್ತು. ಸಾವಿರ ಅಡಿ ಕೆಳಗಿನ ನೀರು. ಗೀಸರ್ ಕಾಯಿಲ್ ಬಿಚ್ಚಿ ನೋಡಿ, ಸುಣ್ಣ ಬಳಿದ ಹಾಗೆ ಬಿಳಿ ಚಕ್ಕೆ ಇರುತ್ತದೆ. ಅದೇ ಕ್ಯಾಲ್ಸಿಯಂ, ಮೆಗ್ನೀಷಿಯಂ ಕೂದಲಿನ ಮೇಲೂ ಕೂರುತ್ತದೆ. ಆಮೇಲೆ ಕೂದಲು ಒರಟಾಯಿತು ಅಂತ ಡ್ರೈಯರ್ ಬೈಯುತ್ತೇವೆ. ಸೋಪು ಹಾಕಿ ತಲೆ ತೊಳೆಯುವವರಿಗೆ ಇನ್ನೂ ಕಷ್ಟ, ಗಡಸು ನೀರಿಗೆ ಸೋಪು ನೊರೆ ಬರದೆ ಜಿಡ್ಡಾಗಿ ಅಂಟುತ್ತದೆ. ಸೀಗೆಪುಡಿ ಹಾಗೆ ಅಂಟಲ್ಲ. ಕೊನೆಯ ಎರಡು ಚೊಂಬು ಮಾತ್ರ ಮಳೆ ನೀರಿನದೋ ನಲ್ಲಿ ನೀರಿನದೋ ಹಾಕಿ ನೋಡಿ, ವ್ಯತ್ಯಾಸ ಕೈಗೇ ಗೊತ್ತಾಗುತ್ತದೆ.

ಕ್ಯಾತ್ಸಂದ್ರದವಳು

ನಮಗೆ ಹೇಮಾವತಿ ನೀರು ಬರುವ ದಿನ ಕೂದಲು ಮೆತ್ತಗೆ, ಬೋರ್ ನೀರಿನ ದಿನ ತೆಂಗಿನ ನಾರು. ನಾನು ಶಾಂಪೂ ಬದಲಾಯಿಸುತ್ತಾ ಇದ್ದೆ!

ಗೂಡು ಮಾರ್ಕೆಟ್ (ಶಿಡ್ಲಘಟ್ಟ)

ನಮ್ಮದು ರೇಷ್ಮೆ ನೂಲು ಬಿಚ್ಚುವ ಕೆಲಸ. ಕೂದಲ ವಿಷಯ ಗೊತ್ತಿಲ್ಲ, ನೂಲಿನ ವಿಷಯ ಗೊತ್ತು. ಎರಡೂ ಪ್ರೋಟೀನ್ ಅಂತ ಮೇಷ್ಟ್ರು ಒಪ್ಪುತ್ತಾರೆ ಅಂದುಕೊಂಡಿದ್ದೇನೆ. ಬಿಸಿ ನೀರಿನಿಂದ ಎದ್ದ ನೂಲು ಹಸಿಯಾಗಿರುವಾಗಲೇ ರಾಟೆ ಮೇಲೆ ಒತ್ತಾಗಿ ಸುತ್ತಿ ಬಿಟ್ಟರೆ ಅದರ ಅಂಟು ಒಣಗಿ ಎಳೆಗೆ ಎಳೆ ಕಚ್ಚಿಕೊಳ್ಳುತ್ತದೆ. ಆಮೇಲೆ ಬಿಡಿಸಲು ಹೋದರೆ ತುಂಡು ತುಂಡು. ಅದಕ್ಕೇ ದೊಡ್ಡ ರಾಟೆಗೆ ಮತ್ತೆ ಸುತ್ತುವಾಗ ಹದವಾದ ಶಾಖ, ಬಿಡಿ ಬಿಡಿಯಾಗಿ ಗಾಳಿ. ಶಾಖ ಜಾಸ್ತಿ ಆದರೆ ನೂಲಿನ ಹೊಳಪು ಹೋಗುತ್ತದೆ. ಒದ್ದೆ ಜಡೆ ಅಂದಾಗ ಅದೇ ನೆನಪಾಯಿತು.

ಚಿಂತಾಮಣಿ ಮೇಷ್ಟ್ರು

ಒಪ್ಪಿದೆ. ಅದು ಫೈಬ್ರಾಯಿನ್, ಇದು ಕೆರಾಟಿನ್. ದಾಯಾದಿಗಳು. ಆದರೆ ಕೂದಲಿಗೆ ಆ ಅಂಟು ಇಲ್ಲ, ಅಷ್ಟು ವ್ಯತ್ಯಾಸ ಇಟ್ಟುಕೊಳ್ಳಿ.

ಉರಿಗಾಂ ಲೆಕ್ಕ (ಕೆಜಿಎಫ್)

ಅಯಾನಿಕ್ ಬಗ್ಗೆ ಯಾರೂ ಹೇಳಲಿಲ್ಲ. ಅದರಿಂದ ನೆಗೆಟಿವ್ ಅಯಾನ್ ಬಂದು ನೀರಿನ ಹನಿಯನ್ನು ಒಡೆದು ಕೂದಲನ್ನು ಅರ್ಧ ಹೊತ್ತಿನಲ್ಲಿ ಒಣಗಿಸುತ್ತದೆ ಅಂತ ಜಾಹೀರಾತು. ನಾನು ಒಂದೇ ಕಂಪನಿಯ ಎರಡು ತಂದು ಅಕ್ಕ ತಂಗಿಗೆ ಕೊಟ್ಟೆ, ಒಂದು ಅಯಾನಿಕ್, ಒಂದು ಸಾದಾ, ವಾಟ್ ಒಂದೇ. ಒಣಗುವ ಹೊತ್ತಿನಲ್ಲಿ ಫರಕು ಕಾಣಲಿಲ್ಲ. ಆದರೆ ಮಾಗಿಯ ಒಣ ಹವೆಯಲ್ಲಿ ಬಾಚಣಿಗೆಗೆ ಕೂದಲು ಚಟಚಟ ಅಂತ ಮೇಲೇಳುತ್ತದಲ್ಲ, ಅದು ಅಯಾನಿಕ್‌ನಲ್ಲಿ ಕಮ್ಮಿ. ಅಷ್ಟು ಮಾತ್ರ ನಿಜ. ಇನ್ನೂರು ಮುನ್ನೂರು ಜಾಸ್ತಿ ಅಂದರೆ ತಗೊಳ್ಳಿ, ಡಬಲ್ ರೇಟ್ ಅಂದರೆ ಬೇಡ.

ಸೆರಾಮಿಕ್ ಅಂದರೆ ಬಿಸಿ ಒಂದೇ ಸಮ ಹರಡುತ್ತದೆ ಅಂತ. ಅದು ಉಪಯೋಗದ್ದೇ. ಅಗ್ಗದ್ದರಲ್ಲಿ ಅಭ್ರಕದ ಹಾಳೆಗೆ ನೈಕ್ರೋಮ್ ತಂತಿ ಸುತ್ತಿರುತ್ತಾರೆ, ಗಾಳಿ ಕಮ್ಮಿಯಾದ ಕಡೆ ತಂತಿ ಕೆಂಪಗೆ ಕಾಯುತ್ತದೆ.

ಅಂತರಗಂಗೆ

ಡೈಸನ್ ತಗೊಳ್ಳಿ, ಸುಮ್ನೆ ಯಾಕೆ ಇಷ್ಟು ಚರ್ಚೆ 😀

ಉರಿಗಾಂ ಲೆಕ್ಕ

2016ರಲ್ಲಿ ಬಂದಾಗ ಅದರ ಮೋಟಾರ್ ನಿಮಿಷಕ್ಕೆ 1,10,000 ಸುತ್ತು ಅಂತ ಬೆರಗಾಗಿದ್ದೆ. ಆ ದುಡ್ಡಿಗೆ ಒಂದು ಸೀಮೆ ಹಸುವಿನ ಮಾತು ಶುರು ಮಾಡಬಹುದು ಅಣ್ಣ. ಆದರೂ ಅದರ ಪಾಠ ಪಾರ್ಲರ್ ಅಕ್ಕ ಹೇಳಿದ್ದೇ. ಗಾಳಿ ಜಾಸ್ತಿ ಮಾಡಿದರು, ಬಿಸಿಯನ್ನು ಅಳೆದು ಹಿಡಿದರು.

ಪಾರ್ಲರ್ ಅಕ್ಕ

ಕ್ಯಾತ್ಸಂದ್ರದ ತಂಗಿಗೆ ಹಿಡಿಯುವ ಕ್ರಮ ಹೇಳುವುದು ಮರೆತಿದ್ದೆ. ಡ್ರೈಯರ್ ಎತ್ತಿಕೊಳ್ಳುವ ಮುಂಚೆ ಹಳೇ ಹತ್ತಿ ಪಂಚೆ ಸುತ್ತಿ ಹದಿನೈದು ನಿಮಿಷ ಬಿಡಿ, ಅಷ್ಟರಲ್ಲಿ ಕಾಫಿ ತಿಂಡಿ ಮುಗಿಸಿ. ದಪ್ಪ ಟರ್ಕಿ ಟವೆಲಿನಲ್ಲಿ ಗಸಗಸ ಉಜ್ಜಬೇಡಿ. ಆಮೇಲೆ ಅಗಲ ಹಲ್ಲಿನ ಬಾಚಣಿಗೆಯಲ್ಲಿ ತುದಿಯಿಂದ ಮೇಲಕ್ಕೆ ಸಿಕ್ಕು ಬಿಡಿಸಿ. ನಾಲ್ಕು ಪಾಲು ಮಾಡಿ, ಕೆಳಗಿನ ಪಾಲಿನಿಂದ ಶುರು.

ಮೊದಲು ಬುಡ. ನಿಮಗೆ ಮುಗ್ಗಲು ಬರುತ್ತಿರುವುದು ಬುಡದಿಂದ. ತುದಿಯ ಕಡೆಗೆ ಕೊನೆಗೆ ಹೋಗಿ, ಅದು ನಿಮ್ಮ ತಲೆಯಲ್ಲೇ ಹಳೆಯ ಕೂದಲು, ನಾಲ್ಕೈದು ವರ್ಷದ್ದು. ಗಾಳಿ ಯಾವಾಗಲೂ ಬುಡದಿಂದ ತುದಿಗೆ ಹರಿಯಲಿ. ಕೂದಲಿನ ಮೇಲೆ ಮೀನಿನ ಪೊರೆ ತರ ಪದರ ಇದೆ, ಎದುರು ಗಾಳಿ ಹಿಡಿದರೆ ಅದು ನಿಗುರಿ ನಿಲ್ಲುತ್ತದೆ. ಪೂರ್ತಿ ಗರಿಗರಿ ಆಗುವವರೆಗೆ ಬೇಡ. ಇನ್ನೂ ಚೂರು ತಣ್ಣಗಿದೆ ಅನ್ನುವಾಗ ನಿಲ್ಲಿಸಿ, ತಣ್ಣನೆ ಗಾಳಿ ಒಂದು ನಿಮಿಷ ಬಿಡಿ. ಆಮೇಲೆ ಜಡೆ, ಸಡಿಲವಾಗಿ. ಎಣ್ಣೆ ಹಚ್ಚಿದ ತಲೆಗೆ ಮಾತ್ರ ಬಿಸಿ ಗಾಳಿ ಬೇಡ. ಎಣ್ಣೆ ತೊಳೆಯುವ ಮುಂಚಿನದು.

ಕ್ಯಾತ್ಸಂದ್ರದವಳು

ಐದು ವಾರ ಆಯಿತು, ಹೇಳಿ ಹೋಗೋಣ ಅಂತ ಬಂದೆ. ಎಂ.ಜಿ. ರಸ್ತೆಯ ಅಂಗಡಿಯಲ್ಲಿ ಮೂರು ಆನ್ ಮಾಡಿಸಿ ಚೀಟಿ ಹಿಡಿದೆ. ಅಂಗಡಿಯವನು "ಏನ್ ಮೇಡಂ, ಬಿಲ್ ಇಷ್ಟು ಬೇಗ ಹಿಂದೆ ಕೊಡ್ತೀರಾ" ಅಂದ. 2000 ವಾಟ್ ಅಂತ ಬರೆದಿದ್ದ ಒಂದರಲ್ಲಿ ಚೀಟಿ ನಿಲ್ಲಲೇ ಇಲ್ಲ. 1600ರದ್ದರಲ್ಲಿ ಗಪ್ಪಂತ ಹಿಡಿಯಿತು. ಅದನ್ನೇ ತಂದೆ, ಸಾವಿರದ ಏಳುನೂರು. ಬಿಸಿಗೆ ಮೂರು, ಗಾಳಿಗೆ ಎರಡು, ತಣ್ಣನೆ ಬಟನ್ ಬೇರೆ. ಅಯಾನಿಕ್ ಅಲ್ಲ.

ಪಾಯಿಂಟ್ ಎಳೆಸಿದ್ದಕ್ಕೆ ಬೇರೆ ಖರ್ಚಾಯಿತು, ಅದನ್ನು ಮೊದಲೇ ಲೆಕ್ಕ ಹಾಕಿರಲಿಲ್ಲ. ಈಗ ಪಂಚೆ ಸುತ್ತಿ ತಿಂಡಿ ತಿಂದು ಕೂತರೆ ಹದಿಮೂರು ಹದಿನಾಲ್ಕು ನಿಮಿಷ. ನಲವತ್ತಲ್ಲ. ಮುಗ್ಗಲು ಹೋಗಿದೆ. ತುರಿಕೆ ಅರ್ಧ ಹೋಯಿತು, ಉಳಿದ ಅರ್ಧಕ್ಕೆ ಡಾಕ್ಟರ್ ಒಂದು ಶಾಂಪೂ ಕೊಟ್ಟಿದ್ದಾರೆ. ಕೂದಲು ಉದುರುವುದು ಮೊದಲು ಎಷ್ಟಿತ್ತೋ ಅಷ್ಟೇ ಇದೆ. ಅಮ್ಮ ಪ್ರತಿ ಭಾನುವಾರ ಬಾಚಣಿಗೆ ಎತ್ತಿ ಬೆಳಕಿಗೆ ಹಿಡಿದು ಎಣಿಸುತ್ತಾರೆ, ಇನ್ನೂ ಒಪ್ಪಿಲ್ಲ.

ಒಂದು ಪ್ರಶ್ನೆ. ಹೋದ ವಾರ ಮಧ್ಯದಲ್ಲಿ ತಾನೇ ಆಫ್ ಆಯಿತು. ಹತ್ತು ನಿಮಿಷ ಬಿಟ್ಟು ಮತ್ತೆ ಓಡಿತು. ಕೆಟ್ಟಿತಾ?

ಶಿರಾ ವೈರ್‌ಮ್ಯಾನ್

ಕೆಟ್ಟಿಲ್ಲ. ಒಳಗೆ ಅತಿಯಾಗಿ ಕಾದರೆ ತಾನೇ ಕತ್ತರಿಸುವ ಒಂದು ಸ್ವಿಚ್ ಇದೆ. ಹಿಂದಿನ ಜಾಲರಿ ನೋಡಿದ್ದೀರಾ?

ಕ್ಯಾತ್ಸಂದ್ರದವಳು

ಈಗ ನೋಡಿದೆ. ತಿರುಗಿಸಿದರೆ ಕಳಚಿಕೊಂಡು ಬಂತು. ಪಂಚೆಯ ನೂಲು, ನನ್ನ ಕೂದಲು, ಪೌಡರ್ ಎಲ್ಲ ಸೇರಿ ಗುಬ್ಬಚ್ಚಿ ಗೂಡಿನ ಹಾಗೆ ಒಂದು ಬಿಲ್ಲೆ. ಚೀಟಿ ಹಿಡಿದರೆ ಜಾರಿ ಬಿತ್ತು.

ಶಿರಾ ವೈರ್‌ಮ್ಯಾನ್

ಅದೇ. ಪ್ಲಗ್ ತೆಗೆದು, ಹಳೇ ಹಲ್ಲುಜ್ಜೋ ಬ್ರಷ್‌ನಲ್ಲಿ ಹದಿನೈದು ದಿನಕ್ಕೊಮ್ಮೆ ಉಜ್ಜಿ. ನೀರು ಹಾಕಬೇಡಿ.

ಕುಣಿಗಲ್ ಕೆರೆ

ನಮ್ಮ ಮಗಳಿಗೆ ಐದು ವರ್ಷ. ಶಾಲೆಗೆ ಹೋಗುವ ಮುಂಚೆ ಅವಳಿಗೂ ಹಿಡಿಯಬಹುದಾ?

ಪಾರ್ಲರ್ ಅಕ್ಕ

ತಣ್ಣನೆ ಗಾಳಿ ಇಲ್ಲಾ ಕಡಿಮೆ ಬಿಸಿ, ಒಂದು ಗೇಣಿಗಿಂತ ದೂರ, ನಿಮ್ಮ ಕೈ ಅವಳ ತಲೆ ಮೇಲೆ ಇರಲಿ. ಕಿವಿ ಹತ್ತಿರ ಸದ್ದಿಗೆ ಹೆದರುತ್ತಾರೆ, ಹಿಂದಿನಿಂದ ಶುರು ಮಾಡಿ. ಅವಳ ಕೈಗೆ ಮಾತ್ರ ಕೊಡಬೇಡಿ.